ಮುಚ್ಚಳದ ಮೇಲೆ ಹೆಸರು, ಬೆನ್ನ ಮೇಲೆ ನಂಬರು

ಮನೆಯಲ್ಲೇ ಕೂತು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಜೋಡಿಸುವ ಕೆಲಸ, ಮಾಡುವವರಿಗೆ ಎರಡನೇ ಪರದೆ ಶೋಕಿಯಲ್ಲ. ಒಂದು ಕಡೆ ಲೇಖಕರು ಕಳಿಸಿದ ಕೈಬರಹದ ಸ್ಕ್ಯಾನ್ ಇರಬೇಕು, ಇನ್ನೊಂದು ಕಡೆ ಪುಟ ಕಟ್ಟುವ ಪೇಜ್‌ಮೇಕರ್. ಎರಡನ್ನೂ ಒಂದೇ ಪರದೆಯಲ್ಲಿಟ್ಟುಕೊಂಡು ಆಲ್ಟ್-ಟ್ಯಾಬ್ ಒತ್ತುತ್ತಾ ಕೂತರೆ ಸಂಜೆಗೆ ಪುಟ ಕಮ್ಮಿ, ಕತ್ತುನೋವು ಜಾಸ್ತಿ. ಹೊಸ ಮಾನಿಟರ್ ವಿಚಾರಿಸಿದರೆ ಸಾಧಾರಣದ್ದಕ್ಕೇ ಆರೂವರೆ, ಏಳು ಸಾವಿರ ಅಂದರು. ಪುಟಕ್ಕೆ ಇಷ್ಟು ಅಂತ ದುಡಿಯುವ ನನ್ನಂಥವಳಿಗೆ ಎಲ್ಲ ಬೆಲೆಯನ್ನೂ ಪುಟಗಳಲ್ಲಿ ಲೆಕ್ಕ ಹಾಕುವ ಚಾಳಿ. ಹಾಕಿ ನೋಡಿದೆ. ಒಂದು ದಪ್ಪ ಕಾದಂಬರಿಯೇ ಬೇಕಾಗುತ್ತಿತ್ತು.

ಬೀರುವಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಮದರ್‌ಬೋರ್ಡ್ ಕೈಕೊಟ್ಟಿದೆ, ಇದಕ್ಕೆ ದುಡ್ಡು ಸುರಿಯಬೇಡಿ ಅಂತ ಹೇಳಿ ವಾಪಸ್ ಕೊಟ್ಟಿದ್ದರು. ಪರದೆ ಮಾತ್ರ ಕೊನೆಯ ದಿನದವರೆಗೂ ಚೆನ್ನಾಗಿಯೇ ಇತ್ತು. ಬೆಂಗಳೂರಿನ ನಮ್ಮ ಶ್ರೀನಗರದ ಟಿ.ವಿ. ರಿಪೇರಿಯವನ ಹತ್ತಿರ ಯಾವುದೋ ಮಾತಿಗೆ ಇದನ್ನು ಹೇಳಿದೆ. ಅವನು ಬೆಸುಗೆ ಹಾಕುತ್ತಲೇ, ತಲೆಯೆತ್ತದೆ ಅಂದ: "ಅಕ್ಕಾ, ಪ್ಯಾನೆಲ್ ಎಸೀಬೇಡಿ. ಬಿಚ್ಚಿ, ಹಿಂದ್ಗಡೆ ಸ್ಟಿಕ್ಕರ್ ಇರತ್ತೆ. ಅದರ ಫೋಟೋ ತಕ್ಕೊಂಡು ಎಸ್.ಪಿ. ರೋಡಿಗೆ ಹೋಗಿ, ಪ್ಯಾನೆಲ್ನ ಕಂಪ್ಯೂಟರಿಗೆ ಜೋಡಿಸೋ ಬೋರ್ಡ್ ಕೊಡ್ತಾರೆ. ಲ್ಯಾಪ್‌ಟಾಪ್ ಯಾವ್ ಕಂಪನಿ ಅಂತ ಯಾರೂ ಕೇಳಲ್ಲ."

ಕೊನೆಯ ವಾಕ್ಯವೇ ನನಗೆ ವಿಚಿತ್ರ ಅನ್ನಿಸಿದ್ದು. ಇಷ್ಟು ದಿನ ಏನು ಕೆಟ್ಟರೂ ಅಂಗಡಿಯಲ್ಲಿ ಮೊದಲು ಕೇಳುತ್ತಿದ್ದದ್ದು ಕಂಪನಿಯ ಹೆಸರನ್ನೇ ಅಲ್ಲವೇ?

ಬಿಚ್ಚುವುದು ಕಷ್ಟವಾಗಲಿಲ್ಲ. ಪರದೆಯ ಸುತ್ತಲಿನ ಚೌಕಟ್ಟಿನಲ್ಲಿ ರಬ್ಬರ್ ಬೊಟ್ಟುಗಳಿರುತ್ತವಲ್ಲ, ಅವುಗಳ ಕೆಳಗೆ ಸ್ಕ್ರೂಗಳು. ಅವನ್ನು ತೆಗೆದು, ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಯಲ್ಲಿ ತೂರಿಸಿ ಜಾರಿಸುತ್ತಾ ಹೋದರೆ ಚೌಕಟ್ಟು ಟಕ್ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಪ್ಯಾನೆಲ್ಲನ್ನು ಎರಡು ಪಕ್ಕದಲ್ಲೂ ಸಣ್ಣ ಸ್ಕ್ರೂಗಳು ಹಿಡಿದಿರುತ್ತವೆ. ಮುಂದಕ್ಕೆ ಬಗ್ಗಿಸಿ, ಹಿಂದಿನ ಟೇಪ್ ಸುಲಿದು, ಕೇಬಲ್ ಎಳೆದರೆ ಪರದೆ ಕೈಗೆ ಬಂತು. ಎಲ್‌ಇಡಿ ಪ್ಯಾನೆಲ್ ತೆಳ್ಳಗೆ, ಹಗುರ. ಆದರೆ ಮಧ್ಯಕ್ಕೆ ಬೆರಳು ಒತ್ತಿದರೆ ಬಿಳಿ ಮಚ್ಚೆ ಶಾಶ್ವತವಾಗಿ ಕೂರುತ್ತದೆ, ಅಂಚಿನಲ್ಲೇ ಹಿಡಿಯಬೇಕು.

ಬೆನ್ನ ಮೇಲೆ ಸ್ಟಿಕ್ಕರುಗಳ ಜಾತ್ರೆ. ಬಾರ್‌ಕೋಡುಗಳ ನಡುವೆ ಎಲ್‌ಪಿ156ಡಬ್ಲ್ಯೂಎಚ್4 ಅಂತ ಒಂದು ನಂಬರ್. ಎಲ್‌ಪಿ ಅಂದರೆ ಎಲ್.ಜಿ. ಡಿಸ್‌ಪ್ಲೇ ತಯಾರಿಸಿದ ಲ್ಯಾಪ್‌ಟಾಪ್ ಪ್ಯಾನೆಲ್, 156 ಅಂದರೆ 15.6 ಇಂಚು, ಡಬ್ಲ್ಯೂಎಚ್ ಅಂದರೆ 1366×768 ಚುಕ್ಕೆಗಳು. ಎಯುಒ ಕಂಪನಿಯದಾದರೆ ಬಿ156ಎಕ್ಸ್‌ಡಬ್ಲ್ಯೂ ಅಂತಲೂ, ಸ್ಯಾಮ್ಸಂಗ್‌ದಾದರೆ ಎಲ್‌ಟಿಎನ್156ಎಟಿ ಅಂತಲೂ ಇರುತ್ತದೆ. ಅಳತೆ ಅದೇ, ಚುಕ್ಕೆಗಳೂ ಅಷ್ಟೇ. ನನ್ನ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಹೊಳೆಯುತ್ತಿದ್ದ ಹೆಸರು ಈ ಸ್ಟಿಕ್ಕರಿನಲ್ಲಿ ಎಲ್ಲೂ ಇರಲಿಲ್ಲ. ಹೆಸರಿನವರು ಡಬ್ಬಿ ಮಾಡಿದ್ದರು, ಒಳಗಿನ ಸಾಮಾನು ಪೇಟೆಯದ್ದೇ.

ಇನ್ನೊಂದು ಸಂಗತಿಯನ್ನು ನೋಡಿಕೊಳ್ಳಬೇಕು: ಕೇಬಲ್ ಕೂರುವ ಕನೆಕ್ಟರ್. ಎಲ್‌ಇಡಿ ಪ್ಯಾನೆಲ್ಲಿನಲ್ಲಿ 40 ಪಿನ್ನಿನದಾದರೆ ಸಾಮಾನ್ಯವಾಗಿ ಎಲ್‌ವಿಡಿಎಸ್, 30 ಪಿನ್ನಿನ ಸಣ್ಣದಾದರೆ ಇಡಿಪಿ; ಎರಡೂ ಪ್ಯಾನೆಲ್ಲಿಗೆ ಚಿತ್ರ ಕಳಿಸುವ ಬೇರೆಬೇರೆ ಪದ್ಧತಿಗಳು. 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್ಸಂಗ್, ಎಲ್.ಜಿ. ಎಲ್ಲ ಸೇರಿ, ಎಲ್‌ವಿಡಿಎಸ್ ಬಿಟ್ಟು ಹೊಸ ಪದ್ಧತಿಗೆ ಹೋಗುತ್ತೇವೆ ಅಂತ ಘೋಷಿಸಿದ್ದರು, 2013ರಿಂದ ಅದನ್ನು ಕೈಬಿಡತೊಡಗುವುದಾಗಿ ಇಂಟೆಲ್, ಎಎಂಡಿ ಹೇಳಿದ್ದವು. ಹಾಗಾಗಿ ಹಳೆಯ ಲ್ಯಾಪ್‌ಟಾಪುಗಳಲ್ಲಿ ಮೊದಲನೆಯದು, ಈಚಿನವುಗಳಲ್ಲಿ ಎರಡನೆಯದು. ಎಲ್‌ಇಡಿ ಬರುವುದಕ್ಕೂ ಮುಂಚಿನ ಪ್ಯಾನೆಲ್ಲುಗಳಲ್ಲಿ ಕಡ್ಡಿಯಂಥ ಟ್ಯೂಬ್ ಲೈಟ್ ಇರುತ್ತಿತ್ತು. ಅದಕ್ಕೆ ಇನ್ವರ್ಟರ್ ಬೇಕು, ಇನ್ವರ್ಟರಿನಲ್ಲಿ ನೂರಾರು ವೋಲ್ಟು ಓಡುತ್ತದೆ. ಅಂಥದ್ದು ಸಿಕ್ಕಿದರೆ ನಾನಾದರೆ ಮುಟ್ಟುವುದಿಲ್ಲ.

ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ, ಟೌನ್‌ಹಾಲಿನ ಹತ್ತಿರ. ಭಾನುವಾರ ಬಹುಪಾಲು ಅಂಗಡಿಗಳ ಶಟರ್ ಎಳೆದಿರುತ್ತದೆ, ಆದ್ದರಿಂದ ವಾರದ ದಿನ ಹೋದೆ. ರಸ್ತೆಗೆ ಮುಖ ಮಾಡಿರುವ ಅಂಗಡಿಗಳಲ್ಲಿ ಹೊಸ ಲ್ಯಾಪ್‌ಟಾಪು, ಗಾಜಿನ ಬಾಗಿಲು, "ಬನ್ನಿ ಮೇಡಂ ಏನ್ ನೋಡ್ತೀರಾ" ಅಂತ ಕರೆಯುವ ಹುಡುಗರು. ನಮಗೆ ಬೇಕಾದ ಎಸ್.ಪಿ. ರೋಡ್ ಅದಲ್ಲ. ಎರಡು ಕಟ್ಟಡಗಳ ನಡುವಿನ ಓಣಿಗಳಲ್ಲಿ, ಮೆಟ್ಟಿಲಿನ ಕೆಳಗೆ, ಎರಡನೇ ಮಹಡಿಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಅಂಗಡಿಗಳಿವೆ. ಒಂದರಲ್ಲಿ ಬರೀ ಕೇಬಲ್, ಇನ್ನೊಂದರಲ್ಲಿ ಬರೀ ಅಡಾಪ್ಟರ್, ಮತ್ತೊಂದರಲ್ಲಿ ಟಿ.ವಿ. ಬೋರ್ಡುಗಳನ್ನು ಹಪ್ಪಳದ ಹಾಗೆ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ.

ಅಂಥ ಒಂದು ಗಲ್ಲಾದ ಮುಂದೆ ನಿಂತು ಲ್ಯಾಪ್‌ಟಾಪಿನ ಕಂಪನಿ ಹೇಳಲು ಬಾಯಿ ತೆರೆದೆ. ಅಂಗಡಿಯವರು ಕೈ ಅಡ್ಡ ಮಾಡಿದರು.

"ಪ್ಯಾನೆಲ್ ನಂಬರ್ ಹೇಳಿ ಮೇಡಂ."

ಫೋಟೋ ತೋರಿಸಿದೆ. ಅದನ್ನು ದೊಡ್ಡದು ಮಾಡಿ ನೋಡಿ, ಒಳಗಿನ ಹುಡುಗನಿಗೆ ಕೂಗಿದರು: "ಏಯ್, ವಿ-29 ಒಂದ್ ತಾರೋ. ನಲವತ್ ಪಿನ್ ಕೇಬಲ್, ಸಿಂಗಲ್ ಸಿಕ್ಸ್ ಬಿಟ್."

ವಿ-29, ವಿ-56, ವಿ-59 ಅನ್ನುವುವು ಟಿ.ವಿ. ರಿಪೇರಿಯವರು ಬಳಸುವ ಯೂನಿವರ್ಸಲ್ ಬೋರ್ಡುಗಳು. ಎಚ್‌ಡಿಎಂಐ, ವಿಜಿಎ, ಆಂಟೆನಾ ಎಲ್ಲ ಒಂದರಲ್ಲೇ ಇರುತ್ತದೆ. ಯಾವ ಪ್ಯಾನೆಲ್ಲಿಗೆ ಹಾಕುತ್ತೇವೋ ಅದಕ್ಕೆ ತಕ್ಕ ಫರ್ಮ್‌ವೇರನ್ನು, ಅಂದರೆ ಬೋರ್ಡನ್ನು ನಡೆಸುವ ಪ್ರೋಗ್ರಾಮನ್ನು, ಪೆನ್‌ಡ್ರೈವಿನಿಂದ ತುಂಬಬೇಕು. ಟಿ.ವಿ. ಭಾಗ ಬೇಡವಾದವರಿಗೆ ಮಾನಿಟರಿಗಷ್ಟೇ ಆದ ಬೋರ್ಡುಗಳೂ ಇವೆ, ಎನ್‌ಟಿ68676 ಚಿಪ್ಪಿನದ್ದು ಅಂತ ಕೇಳಿದರೆ ಕೊಡುತ್ತಾರೆ. ನನಗೆ ಟಿ.ವಿ. ಬೋರ್ಡೇ ಅಗ್ಗವಾಯಿತು. ಬೋರ್ಡು, ಕೇಬಲ್, ಗುಂಡಿಗಳ ಪಟ್ಟಿ, ರಿಮೋಟು ಎಲ್ಲ ಸೇರಿ 1,150 ರೂಪಾಯಿ. 1366×768ರ ಫರ್ಮ್‌ವೇರನ್ನು ಅಲ್ಲೇ ತುಂಬಿಸಿ ಕೊಟ್ಟರು. ಹೊರಡುವಾಗ ಅಂಗಡಿಯವರು ಬೋರ್ಡಿನ ಮೇಲಿದ್ದ ಒಂದು ಪುಟ್ಟ ಕರಿ ಟೋಪಿಯನ್ನು ಉಗುರಿನಿಂದ ತೋರಿಸಿದರು. "ಇದು ಮೂರು ಪಾಯಿಂಟ್ ಮೂರಲ್ಲಿ ಇರ್ಬೇಕು. ಹನ್ನೆರಡಲ್ಲಿ ಇದ್ರೆ ಪ್ಯಾನೆಲ್ ಗೋವಿಂದ. ಆಮೇಲೆ ನನ್ನ ಕೇಳ್ಬೇಡಿ."

ಆ ಟೋಪಿಗೆ ಜಂಪರ್ ಅನ್ನುತ್ತಾರೆ. ಪ್ಯಾನೆಲ್ಲಿಗೆ ಎಷ್ಟು ವೋಲ್ಟ್ ಹೋಗಬೇಕೆಂದು ಅದೇ ತೀರ್ಮಾನಿಸುತ್ತದೆ: 3.3, 5 ಅಥವಾ 12. ಲ್ಯಾಪ್‌ಟಾಪಿನ ಎಲ್‌ಇಡಿ ಪ್ಯಾನೆಲ್ಲಿಗೆ 3.3. ದೊಡ್ಡ ಟಿ.ವಿ. ಪ್ಯಾನೆಲ್ಲುಗಳಿಗೆ 12 ಬೇಕಾಗುವುದರಿಂದ ಬೋರ್ಡು ಯಾವ ಸ್ಥಿತಿಯಲ್ಲಿ ಬಂದಿದೆಯೋ ಹೇಳಲಾಗದು. ಮನೆಗೆ ಬಂದು ಪ್ಯಾನೆಲ್ ಜೋಡಿಸುವ ಮುಂಚೆ ಬೋರ್ಡಿಗೆ ಮಾತ್ರ ಕರೆಂಟು ಕೊಟ್ಟು, ಜಂಪರಿನ ಬಳಿ ಮಲ್ಟಿಮೀಟರ್ ಹಿಡಿದು 3.3 ತೋರಿಸುವುದನ್ನು ನೋಡಿದೆ. ಇಡೀ ಕೆಲಸದಲ್ಲಿ ಇದೊಂದನ್ನು ಅವಸರದಲ್ಲಿ ಮಾಡಬಾರದು. ಮಿಕ್ಕ ಏನು ತಪ್ಪಿದರೂ ಬಿಚ್ಚಿ ಹಾಕಬಹುದು.

ಅಡಾಪ್ಟರಿಗೆ ದುಡ್ಡು ಕೊಡಲಿಲ್ಲ. ಕೇಬಲ್ ಟಿ.ವಿ. ನಿಲ್ಲಿಸಿದ ಮೇಲೆ ಮೂಲೆ ಸೇರಿದ್ದ ಸೆಟ್-ಟಾಪ್ ಬಾಕ್ಸಿನ ಅಡಾಪ್ಟರ್ 12 ವೋಲ್ಟ್, 2 ಆಂಪಿಯರಿನದ್ದು. 24 ವ್ಯಾಟ್ ಆಯಿತು, ಹದಿನೈದು ಇಂಚಿನ ಎಲ್‌ಇಡಿ ಪ್ಯಾನೆಲ್ಲಿಗೆ ಧಾರಾಳ. ಪಿನ್ನಿನ ಒಳಭಾಗ ಪ್ಲಸ್, ಹೊರಭಾಗ ಮೈನಸ್ ಅನ್ನುವುದನ್ನು ಅಡಾಪ್ಟರಿನ ಮೇಲಿನ ಚಿತ್ರದಲ್ಲಿ ನೋಡಿಕೊಂಡರೆ ಸಾಕು.

ಎಲ್ಲ ಜೋಡಿಸಿ ಸ್ವಿಚ್ ಹಾಕಿದೆ. ನೀಲಿ ಪರದೆ ಬಂತು, 'ನೋ ಸಿಗ್ನಲ್' ಅಂತ ಅಕ್ಷರ ಬಂತು. ಕಂಪ್ಯೂಟರ್ ಜೋಡಿಸಿದರೆ ಚಿತ್ರವೂ ಬಂತು, ಆದರೆ ಬಣ್ಣಗಳೆಲ್ಲ ಅಡ್ಡಾದಿಡ್ಡಿ. ಮಗಳ ಫೋಟೋದಲ್ಲಿ ಮುಖ ಹಳೆಯ ಕ್ಯಾಮೆರಾ ರೀಲಿನ ನೆಗೆಟಿವ್ ತರಹ, ಕೆನ್ನೆಯ ಮೇಲೆ ಹಸಿರು ಪಟ್ಟೆ. ರಿಪೇರಿಯವನಿಗೆ ಫೋನ್ ಮಾಡಿದೆ. "ಪ್ಯಾನೆಲ್ ಹೋಗಿಲ್ಲ ಅಕ್ಕಾ, ಮ್ಯಾಪ್ ಚೇಂಜ್ ಮಾಡಿ. ಮೆನು ಒತ್ತಿ, ಆಮೇಲೆ ಒಂದು ಒಂದು ನಾಲ್ಕು ಏಳು." ರಿಮೋಟಿನಲ್ಲಿ ಮೆನು, 1147 ಒತ್ತಿದರೆ ಈ ಬೋರ್ಡುಗಳ ಕಾರ್ಖಾನೆ ಮೆನು ತೆರೆದುಕೊಳ್ಳುತ್ತದೆ. ಎಲ್‌ವಿಡಿಎಸ್ ತಂತಿಗಳಲ್ಲಿ ಬಣ್ಣದ ಬಿಟ್ಟುಗಳನ್ನು ಯಾವ ಕ್ರಮದಲ್ಲಿ ಕಳಿಸಬೇಕು ಅನ್ನುವುದಕ್ಕೆ ಎರಡು ಪದ್ಧತಿಗಳಿವೆ, ಬೋರ್ಡು ಒಂದರಲ್ಲಿ ಕಳಿಸಿ ಪ್ಯಾನೆಲ್ ಇನ್ನೊಂದರಲ್ಲಿ ಓದಿದರೆ ಹೀಗಾಗುತ್ತದೆ. ಮ್ಯಾಪ್ ಅನ್ನುವ ಸಾಲಿಗೆ ಹೋಗಿ ಆಯ್ಕೆ ಬದಲಿಸಿದ ಕೂಡಲೇ ಮಗಳ ಕೆನ್ನೆ ಸರಿಹೋಯಿತು. ಆ ಮೆನುವಿನಲ್ಲಿ ಮಿಕ್ಕ ಸಾಲುಗಳ ತಂಟೆಗೆ ಹೋಗದೆ ಹೊರಗೆ ಬಂದೆ.

ಸಿನಿಮಾ ನೋಡುವವರಿಗೆ ಕೆಲಸ ಇಲ್ಲಿಗೆ ಮುಗಿಯುತ್ತಿತ್ತು. ನನ್ನದು ಅಕ್ಷರದ ಕೆಲಸ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪುಟ ತೆರೆದು 'ರಾಷ್ಟ್ರೀಯ', 'ಸೂಕ್ಷ್ಮ' ಅಂತ ನೋಡಿದರೆ ಕೆಳಗಿನ ಒತ್ತುಗಳು ಕಲಸಿಹೋಗಿದ್ದವು. ಇಂಗ್ಲಿಷ್ ಓದುವವರಿಗೆ ಇದು ಗೊತ್ತೇ ಆಗದು, ಅವರ ಅಕ್ಷರಕ್ಕೆ ನೆಲಮಾಳಿಗೆ ಇಲ್ಲ. ಕಾರಣ ಎರಡು. ಕಂಪ್ಯೂಟರ್ ಈ ಪರದೆಯನ್ನು 1360 ಚುಕ್ಕೆ ಅಗಲದ್ದು ಅಂತ ತಿಳಿದುಕೊಂಡಿತ್ತು. ಪರದೆ ತನ್ನ ಅಳತೆಯನ್ನು ಕಂಪ್ಯೂಟರಿಗೆ ತಿಳಿಸುವ ಮಾಹಿತಿಯ ಒಂದು ಭಾಗದಲ್ಲಿ ಅಗಲ ಎಂಟರಿಂದ ಭಾಗವಾಗಲೇಬೇಕು. 1366 ಭಾಗವಾಗುವುದಿಲ್ಲ, 1360 ಆಗುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ 1366×768 ಅಂತ ನಾವೇ ಹೊಸದಾಗಿ ಸೇರಿಸಬೇಕು. ಎರಡನೆಯದು, ಟಿ.ವಿ. ಬೋರ್ಡು ತಾನೆಂದೂ ಟಿ.ವಿ. ಅಂದುಕೊಂಡೇ ಚಿತ್ರದ ಅಂಚನ್ನು ಸ್ವಲ್ಪ ಕತ್ತರಿಸಿ ಮಿಕ್ಕಿದ್ದನ್ನು ಹಿಗ್ಗಿಸುತ್ತದೆ. ರಿಮೋಟಿನ ಪಿಕ್ಚರ್ ಸೈಜಿನಲ್ಲಿ ಹಿಗ್ಗಿಸದ ಆಯ್ಕೆಗೆ ಹಾಕಿದೆ. ಒಂದು ಚುಕ್ಕೆಗೆ ಒಂದು ಚುಕ್ಕೆ ಕೂತಿತು. 'ಕ್ಷ್ಮ' ಬಿಡಿಬಿಡಿಯಾಗಿ ಕಂಡಿತು.

ಇನ್ನು ಚೌಕಟ್ಟು. ಗಾಂಧಿಬಜಾರಿನ ಕಡೆ ಫೋಟೋಗೆ ಫ್ರೇಮ್ ಹಾಕುವ ಅಂಗಡಿಗೆ ಹೋಗಿ, ಕಾಣುವ ಭಾಗ ಹದಿಮೂರೂವರೆ ಇಂಚು ಅಗಲ, ಏಳೂವರೆಗಿಂತ ಒಂದು ನೂಲು ಹೆಚ್ಚು ಎತ್ತರ ಅಂತ ಬರೆದುಕೊಟ್ಟೆ. ಪ್ಯಾನೆಲ್ಲಿನ ಮಾಹಿತಿ ಪುಸ್ತಕದ ಪ್ರಕಾರ ಅದು 344.2×193.5 ಮಿಲಿಮೀಟರ್, ಆದರೆ ಫ್ರೇಮಿನವರ ಹತ್ತಿರ ಮಿಲಿಮೀಟರ್ ಮಾತಾಡಿ ಪ್ರಯೋಜನವಿಲ್ಲ.

"ಯಾವ ದೇವ್ರು ಮೇಡಂ? ಗ್ಲಾಸ್ ಹಾಕ್ಲಾ?"

"ಗ್ಲಾಸ್ ಬೇಡ. ದೇವರೂ ಅಲ್ಲ. ಆಳ ಒಂದಿಂಚು ಬೇಕು."

ಅವರು ಮುಖ ನೋಡಿದರು, ಆದರೆ ಅಚ್ಚುಕಟ್ಟಾಗಿ ಮಾಡಿಕೊಟ್ಟರು, 280 ರೂಪಾಯಿ. ಒಳಗೆ ಪ್ಯಾನೆಲ್ ಇಟ್ಟು, ಅದರ ಬೆನ್ನಿನ ಸರ್ಕ್ಯೂಟ್ ಪಟ್ಟಿಯ ಮೇಲೆ ಬಿಸಿ ತಡೆಯುವ ಕ್ಯಾಪ್ಟನ್ ಟೇಪ್ ಅಂಟಿಸಿ, ಹಿಂದೆ ಹಾರ್ಡ್‌ಬೋರ್ಡ್ ಮುಚ್ಚಿ, ಅದರ ಹೊರಮೈಗೆ ಬೋರ್ಡನ್ನು ಪ್ಲಾಸ್ಟಿಕ್ ಕಾಲುಗಳ ಮೇಲೆ ಕೂರಿಸಿದೆ. ಹಾರ್ಡ್‌ಬೋರ್ಡನ್ನು ಬಿಗಿಯಾಗಿ ಮೊಳೆ ಹೊಡೆದರೆ ಪ್ಯಾನೆಲ್ ಒತ್ತಿಕೊಂಡು ಮಚ್ಚೆ ಬೀಳುತ್ತದೆ, ಆದ್ದರಿಂದ ನಾಲ್ಕೂ ಮೂಲೆಗೆ ಸಡಿಲವಾಗಿ ಸ್ಕ್ರೂ. ಚಿನ್ನದ ಬಣ್ಣದ ಬಳ್ಳಿ ಕೆತ್ತಿದ ಫ್ರೇಮೇ ಅವರ ಹತ್ತಿರ ಆ ಆಳಕ್ಕೆ ಇದ್ದದ್ದು. ವೆಂಕಟರಮಣ ಇರಬೇಕಾದ ಜಾಗದಲ್ಲಿ ನನಗೆ ಪೇಜ್‌ಮೇಕರ್ ಕಾಣುತ್ತದೆ. ಎಚ್‌ಡಿಎಂಐ ಕೇಬಲ್ ಸೇರಿಸಿ ಒಟ್ಟು ಖರ್ಚು ಸಾವಿರದ ಆರುನೂರು ದಾಟಲಿಲ್ಲ.

ಅಲ್ಲಿಂದ ನಂಬರ್ ಓದುವ ಹುಚ್ಚು ಹಿಡಿಯಿತು ಅನ್ನಬೇಕು.

ಮೌಸ್ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತೆ ಆಡುತ್ತಿತ್ತು. ಡಿಟಿಪಿಯಲ್ಲಿ ಇದು ನರಕ, ಒಂದು ಪದ ಹಿಡಿಯಲು ಹೋದರೆ ಸಾಲು ಹಿಡಿಯುತ್ತದೆ. ಹೊಸತಕ್ಕೆ ಆರುನೂರು ಕೊಡುವ ಮುಂಚೆ ತಳದ ನುಣುಪು ಪಟ್ಟಿಗಳನ್ನು ಎಬ್ಬಿಸಿ, ಅವುಗಳ ಕೆಳಗಿನ ಸ್ಕ್ರೂ ಬಿಚ್ಚಿ ಒಳಗೆ ನೋಡಿದೆ. ಎಡಗುಂಡಿಯ ಕೆಳಗೆ ಮೂರು ಕಾಲಿನ ಪುಟ್ಟ ಆಯತಾಕಾರದ ಸ್ವಿಚ್ಚು. ಮೌಸ್ ಯಾರದ್ದೇ ಇರಲಿ, ಈ ಮೈಕ್ರೋಸ್ವಿಚ್ಚಿನ ಅಳತೆ ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ, ಸುಮಾರು 12.8×5.8×6.5 ಮಿಲಿಮೀಟರ್. ಒಳಗಿನ ತಾಮ್ರದ ಎಲೆ ದಣಿದಾಗ, ಇಲ್ಲವೇ ಅದು ತಗಲುವ ತುದಿಗೆ ಕಿಲುಬು ಕಟ್ಟಿದಾಗ ಒಂದು ಒತ್ತು ಎರಡಾಗಿ ಕೇಳಿಸುತ್ತದೆ. ಮೌಸಿನಲ್ಲಿ ಓಡುವ ಕರೆಂಟು ಅತ್ಯಲ್ಪ, ಆ ಕಿಲುಬನ್ನು ಸುಟ್ಟು ಹಾಕುವಷ್ಟು ಕಿಡಿಯೂ ಅದರಿಂದ ಹುಟ್ಟುವುದಿಲ್ಲ. ಹ್ವಾನೊ, ಕೈಲ್ ಅಂತ ಹೆಸರಿನ ಸ್ವಿಚ್ಚುಗಳು ಬಿಡಿಯಾಗಿ ಸಿಗುತ್ತವೆ, ಆಗ ಒಂದಕ್ಕೆ ಮೂವತ್ತು ನಲವತ್ತು ರೂಪಾಯಿ ಇತ್ತು.

ಹಳೆಯದನ್ನು ಕೀಳುವುದೇ ಕಷ್ಟ. 2006ರಲ್ಲಿ ಯುರೋಪಿನಲ್ಲಿ ಸೀಸಕ್ಕೆ ನಿರ್ಬಂಧ ಬಂದ ಮೇಲೆ ಕಾರ್ಖಾನೆಯ ಬೆಸುಗೆ ಸೀಸವಿಲ್ಲದ್ದು, ಕರಗಲು 217 ಡಿಗ್ರಿ ದಾಟಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ 60/40 ಲೆಡ್, ಅಂದರೆ ತವರ-ಸೀಸದ ಬೆಸುಗೆ ತಂತಿ, ಸುಮಾರು 190ಕ್ಕೇ ಕರಗುತ್ತದೆ. 25 ವ್ಯಾಟಿನ ಸೋಲ್ಡ್ರಾನ್ ಐರನ್ನಿನಿಂದ ಮೊದಲು ಹಳೆಯ ಬೆಸುಗೆಯ ಮೇಲೆಯೇ ಹೊಸ ಲೆಡ್ ಸ್ವಲ್ಪ ಹಚ್ಚಿದರೆ ಎರಡೂ ಬೆರೆತು ಬೇಗ ಕರಗುತ್ತವೆ, ಆಮೇಲೆ ಕರಗಿದ ಬೆಸುಗೆ ಹೀರುವ ಸಕ್ಕರಿನಿಂದ ಎಳೆದರಾಯಿತು. ಸ್ವಿಚ್ ತರಲು ಹೋಗುವಷ್ಟು ಪುರುಸೊತ್ತಿಲ್ಲದವರು ಅಪರೂಪಕ್ಕೆ ಬಳಸುವ ಪಕ್ಕದ ಗುಂಡಿಯಲ್ಲಿ ಇದೇ ಜಾತಿಯ ಸ್ವಿಚ್ ಇದ್ದರೆ ಅದನ್ನು ಕಿತ್ತು ಎಡಕ್ಕೆ ಹಾಕಿಕೊಳ್ಳಬಹುದು.

ಪ್ರಿಂಟರಿನದ್ದು ಹಳೆಯ ಕಥೆ. ಕರಡು ತಿದ್ದಲು ನನ್ನ ಹತ್ತಿರ ಇರುವುದು ಎಚ್.ಪಿ. ಲೇಸರ್‌ಜೆಟ್ 1020, ಬೆಂಗಳೂರಿನ ಯಾವ ಜೆರಾಕ್ಸ್ ಅಂಗಡಿಯಲ್ಲಿ ಇಣುಕಿದರೂ ಇದು, ಇಲ್ಲವೇ ಕ್ಯಾನನ್ 2900 ಕಾಣುತ್ತದೆ. ಇದರ ಕಾರ್ಟ್ರಿಜ್ 12ಎ, ಅದರದ್ದು 303. ಎಚ್.ಪಿ.ಯ ಲೇಸರ್‌ಜೆಟ್‌ಗಳ ಒಳಗಿನ ಎಂಜಿನ್ 1984ರ ಮೊದಲ ಮಾದರಿಯಿಂದಲೂ ಬಹುಪಾಲು ಕ್ಯಾನನ್ ಮಾಡಿಕೊಟ್ಟದ್ದು, ಆದ್ದರಿಂದಲೇ ಪೌಡರ್ ಅಂಗಡಿಯವರು ಎರಡಕ್ಕೂ ಒಂದೇ ಬಾಟಲಿ ಕೊಡುತ್ತಾರೆ. 12ಎಯಲ್ಲಿ ಲೆಕ್ಕ ಇಡುವ ಚಿಪ್ ಇಲ್ಲ. ಈಚಿನ ಬಹಳಷ್ಟು ಕಾರ್ಟ್ರಿಜ್‌ಗಳಲ್ಲಿ ಇದೆ, ಪೌಡರ್ ತುಂಬಿದರೂ ಚಿಪ್ ಬದಲಿಸದೆ ಎಷ್ಟೋ ಪ್ರಿಂಟರುಗಳು ಒಪ್ಪುವುದಿಲ್ಲ. ಹಳೆಯ ಪ್ರಿಂಟರನ್ನು ನಾನು ಬಿಡದಿರುವುದಕ್ಕೆ ಇದೇ ಕಾರಣ.

ಮೊದಲು ಮನೆಗೇ ಬಂದು ತುಂಬಿ ಹೋಗುವವರೊಬ್ಬರು ಇದ್ದರು. ಅವರು ಮಾಡುವುದನ್ನು ಕೂತು ನೋಡಿ ಕಲಿತೆ. ತಾರಸಿಯಲ್ಲಿ, ಗಾಳಿ ಇಲ್ಲದ ಹೊತ್ತಿನಲ್ಲಿ, ನೆಲಕ್ಕೆ ಪೇಪರ್ ಹಾಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಕೂರಬೇಕು. ಪಕ್ಕದ ಎರಡು ಲೋಹದ ಪಿನ್ ತಳ್ಳಿದರೆ ಕಾರ್ಟ್ರಿಜ್ ಎರಡು ಹೋಳಾಗುತ್ತದೆ. ಒಂದರಲ್ಲಿ ಹಸಿರೋ ನೀಲಿಯೋ ಹೊಳೆಯುವ ಡ್ರಮ್, ಇನ್ನೊಂದರಲ್ಲಿ ಮ್ಯಾಗ್ನೆಟಿಕ್ ರೋಲರ್ ಮತ್ತು ಪೌಡರ್ ಡಬ್ಬಿ. ಡ್ರಮ್ಮಿಗೆ ಬೆಳಕು ಆಗದು, ತೆಗೆದ ತಕ್ಷಣ ಕಪ್ಪು ಬಟ್ಟೆಯಲ್ಲಿ ಸುತ್ತಿಡಬೇಕು. ಅದರ ಹಿಂದಿನ ಡಬ್ಬಿಯಲ್ಲಿ ಕಾಗದಕ್ಕೆ ಹತ್ತದೆ ಉಳಿದ ಪೌಡರ್ ತುಂಬಿರುತ್ತದೆ. ಬಹಳ ಜನ ಹೊಸ ಪೌಡರ್ ತುಂಬಿ ಈ ಕಸವನ್ನು ಹಾಗೇ ಬಿಡುತ್ತಾರೆ, ಆಮೇಲೆ ಪುಟದ ಮೇಲೆ ಉದುರುತ್ತಿದೆ ಅಂತ ಪ್ರಿಂಟರನ್ನು ಬೈಯುತ್ತಾರೆ. ಕಸವನ್ನು ಕವರಿಗೆ ಸುರಿದು, ಡ್ರಮ್ಮಿಗೆ ಚಾರ್ಜ್ ಕೊಡುವ ಕರಿ ರಬ್ಬರಿನ ಪಿಸಿಆರ್ ರೋಲರನ್ನು ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಹೋಳಿನ ಪಕ್ಕದ ಮುಚ್ಚಳ ತೆಗೆದು ಕಾಗದದ ಕೊಳವೆಯಿಂದ ಹೊಸದನ್ನು ಇಳಿಸಿದರೆ ಆಯಿತು. ಚೆಲ್ಲಿದ ಪೌಡರ್ ತೊಳೆಯಲು ತಣ್ಣೀರೇ ಬೇಕು, ಬಿಸಿನೀರು ತಗುಲಿದರೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಬಿಸಿಗೆ ಕರಗಿ ಅಂಟುವುದಕ್ಕೇ ಅದನ್ನು ಮಾಡಿರುವುದಲ್ಲವೇ. ಮನೆಯ ವ್ಯಾಕ್ಯೂಮ್ ಕ್ಲೀನರ್ ಹಚ್ಚಿದರೆ ಈ ಕಡೆ ಹೀರಿ ಆ ಕಡೆ ಉಗುಳುತ್ತದೆ.

ಹೊಸ 12ಎಯಿಂದ 2,000 ಪುಟ ಅನ್ನುತ್ತದೆ ಕಂಪನಿ. ಪುಟದಲ್ಲಿ ಶೇಕಡಾ 5ರಷ್ಟು ಮಾತ್ರ ಕಪ್ಪು ಇದ್ದರೆ ಅನ್ನುವ ಲೆಕ್ಕ ಅದು. ಪ್ರಿಂಟಿನಲ್ಲಿ ಮೂರು ಇಂಚಿಗೊಮ್ಮೆ ಒಂದೇ ಚುಕ್ಕೆ ಮರುಕಳಿಸುತ್ತಿದ್ದರೆ ಡ್ರಮ್ಮಿನ ಮೇಲೆ ಗೀರು ಬಿದ್ದಿದೆ ಅಂತ ಅರ್ಥ, ಡ್ರಮ್ಮಿನ ಸುತ್ತಳತೆ ಅಷ್ಟು. ಆಗ ಪೌಡರ್ ಬದಲಿಸಿ ಫಲವಿಲ್ಲ, ಡ್ರಮ್ಮೇ ತರಬೇಕು, ಅದೂ ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ಸಿಗುತ್ತದೆ.

ಚಿನ್ನದ ಫ್ರೇಮಿನ ಮಾನಿಟರ್ ನೋಡಿ ಹೋದ ನಮ್ಮ ಭಾವ, ಮಾರನೇ ವಾರ ಮೂವತ್ತೆರಡು ಇಂಚಿನ ಟಿ.ವಿ.ಯನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಮಕ್ಕಳು ಬ್ಯಾಟ್ ಬೀಸಿ ಗಾಜು ಜೇಡರ ಬಲೆಯಾಗಿತ್ತು. "ನಿನಗೆ ಬೋರ್ಡ್ ಎಲ್ಲಿ ಸಿಗತ್ತೆ ಗೊತ್ತಲ್ಲಮ್ಮ, ಇದಕ್ಕೂ ಒಂದು ಹಾಕ್ಬಿಡು." ಟಿ.ವಿ.ಯಲ್ಲಿ ಬೆಲೆ ಇರುವುದೇ ಪ್ಯಾನೆಲ್ಲಿಗೆ, ಬೋರ್ಡು ಸಾವಿರದ್ದು, ಪ್ಯಾನೆಲ್ ಒಡೆದಿದ್ದರೆ ಲೆಕ್ಕ ತಿರುಗಿ ನಿಲ್ಲುತ್ತದೆ ಅಂತ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಹಿಂಬದಿ ಬಿಚ್ಚಿ ಪ್ಯಾನೆಲ್ಲಿನ ನಂಬರ್ ಬರೆದುಕೊಟ್ಟು, ಇಬ್ಬರೂ ರಿಪೇರಿಯವನ ಅಂಗಡಿಗೆ ಹೋದೆವು. ಅವನು ನಂಬರ್ ನೋಡಿ, ಹೊಸ ಪ್ಯಾನೆಲ್ಲಿನ ಬೆಲೆ ಹೇಳಿ, ಈ ಟಿ.ವಿ.ಯ ಬೋರ್ಡು ಮತ್ತು ಎಲ್‌ಇಡಿ ಪಟ್ಟಿಗಳಿಗೆ ತಾನು ಎಂಟುನೂರು ಕೊಡುತ್ತೇನೆ ಅಂದ. ಭಾವ ಸಾವಿರದಿನ್ನೂರಕ್ಕೆ ಚೌಕಾಸಿ ಶುರುಮಾಡಿದರು. ಸಾವಿರಕ್ಕೆ ಮುಗಿಯಿತು.